ನೀಲಿ ರಟ್ಟಿನ ಪ್ರತಿ

ಮಗ್ಗದ ಮನೆಯ ಒಳಬಾಗಿಲಲ್ಲಿ, ಕಾಫಿ ಲೋಟಗಳ ತಟ್ಟೆ ಹಿಡಿದು ನಾನು ನಿಂತಿದ್ದೆ. ಎಪ್ಪತ್ನಾಲ್ಕರ ಶ್ರಾವಣ, ಶನಿವಾರ, ಮಧ್ಯಾಹ್ನ ಮೂರರ ಹೊತ್ತು. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಗಿತ್ತು. ಬೀದಿಯ ಮಗ್ಗಗಳೆಲ್ಲ ನಿಂತಿದ್ದರಿಂದ ಪಿಸುಮಾತೂ ಕೇಳಿಸುವಂತಿತ್ತು.

ನಾನಾಗ ಬೆಂಗಳೂರಿನಲ್ಲಿ ಸಿನಿಮಾ ಕಲಿಯುತ್ತಿದ್ದೆ. ಕೊನೆಯ ವರ್ಷದ ಕಿರುಚಿತ್ರಕ್ಕೆ ಸೀರೆ ನೇಯುವ ಒಬ್ಬ ಹೆಂಗಸಿನ ಕತೆ ಬರೆದಿದ್ದೆ. ನನ್ನ ಅಕ್ಕನೇ ಆ ಹೆಂಗಸು. ಮೇಷ್ಟ್ರು ಓದಿ, "ಈಕೆ ಗಂಡನ ಮನೆ ಬಿಟ್ಟು ತವರಲ್ಲಿ ಯಾಕಿದಾಳೆ? ಅದನ್ನ ಮುಚ್ಚಿಟ್ಟಿದೀಯ. ಅದಿಲ್ದೆ ಇದು ಬರೀ ಮಗ್ಗದ ಸದ್ದು," ಎಂದು ಹಿಂದಿರುಗಿಸಿದರು.

ಕಾರಣ ನನಗೆ ಗೊತ್ತಿತ್ತು. ಭಾವ ಬೆಲ್ಟಿನಲ್ಲಿ ಹೊಡೆಯುತ್ತಿದ್ದದ್ದನ್ನು ಅಕ್ಕ ನನಗೊಬ್ಬನಿಗೇ ಹೇಳಿದ್ದಳು. ಭಾವ ಕೆಲಸಕ್ಕೆಂದು ಬೊಂಬಾಯಿಗೆ ಹೋಗಿದ್ದಾರೆ ಎಂದಷ್ಟೇ ಅಪ್ಪ ನಂಬಿದ್ದರು. ನಾಲ್ಕು ದಿನ ಕೂತು ಬೆಲ್ಟಿನ ದೃಶ್ಯ ಸೇರಿಸಿದೆ. ಮೇಷ್ಟ್ರು ಒಪ್ಪಿದರು. ಹೊಸ ಪ್ರತಿಗೆ ನೀಲಿ ರಟ್ಟು ಹಾಕಿದೆ. ನಮ್ಮ ಮನೆಯಲ್ಲಿ ಚಿತ್ರೀಕರಿಸಲು ಅಪ್ಪನ ಒಪ್ಪಿಗೆ ಬೇಕಿತ್ತು. ಅವರ ಮುಂದೆ ಓದಲು ಹಳೆಯ ಪ್ರತಿಯನ್ನೇ ಇಟ್ಟುಕೊಂಡೆ. ಹೊಸದು ಚಿತ್ರ ನಿರ್ದೇಶಿಸಬೇಕಿದ್ದ ಗೆಳೆಯನ ಚೀಲದಲ್ಲಿತ್ತು. ಅವನಿಗೆ ಬಸ್ಸಿನಲ್ಲೇ ಹೇಳಿದ್ದೆ: "ನೀಲಿ ರಟ್ಟಿಂದು ಮನೇಲಿ ತೆಗೀಬೇಡ ಕಣೋ."

"ಆಯ್ತು ಗುರು," ಎಂದಿದ್ದ.

ಮಗ್ಗ ನಿಂತಿದ್ದರಿಂದ ಎಲ್ಲರೂ ಕೇಳಲು ಕೂತರು. ಲಾಳಿಯ ಕಂಡಿಕೆಗೆ ನೂಲು ಸುತ್ತಲು ಬರುತ್ತಿದ್ದ ಪಕ್ಕದ ಮನೆಯ ಹೆಂಗಸು, "ನಂದೂ ಪಾರ್ಟು ಐತೇನಪ್ಪಾ? ಹೀರೋಯಿನ್ ಆದ್ರೆ ಮಾತ್ರ ಬರ್ತೀನಿ," ಅಂದಳು. ಅಪ್ಪ ನಕ್ಕರು. ನಾನು ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಗೆಳೆಯ ಓದಲು ತೊಡಗಿದ್ದ. ಅವನ ಕೈಯಲ್ಲಿ ನೀಲಿ ರಟ್ಟಿತ್ತು.

ತಪ್ಪಿ ತೆಗೆದನೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಆದರೆ ಅವನು ಒಂದೊಂದು ಸಾಲು ಓದಿಯೂ ತಲೆಯೆತ್ತಿ ಅಕ್ಕನ ಮುಖವನ್ನೇ ನೋಡುತ್ತಿದ್ದ. ಬೆಲ್ಟಿನ ಮಾತು ಬಂದಾಗ ಅಕ್ಕ ಸೆರಗೆಳೆದು ಎಡತೋಳು ಮುಚ್ಚಿಕೊಂಡಳು.

"ಇದು ನಮ್ಮನೇದೇನೋ?" ಅಪ್ಪ ನನ್ನನ್ನು ಕೇಳಿದರು.

ಅಕ್ಕ ಎದ್ದಳು. "ನಿಂಗೊಬ್ಬನಿಗೇ ಕಣೋ ಹೇಳಿದ್ದು," ಎಂದು ಹಿತ್ತಿಲಿಗೆ ಹೋದಳು.

ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ ಹೇಳಿದ: "ಸೆರಗು ಎಳ್ಕೊಂಡ್ರು ನೋಡು, ಅದನ್ನ ಸೇರಿಸ್ಬಿಡು."

"ಅದಕ್ಕೇ ಓದಿದ್ಯಾ?"

"ಮೇಷ್ಟ್ರು ಕೇಳಿದ್ದೂ ಇದನ್ನೇ ಅಲ್ವಾ?"

ಅಪ್ಪ ಮನೆಯೊಳಗೆ ಕ್ಯಾಮೆರಾ ಬಿಡಲಿಲ್ಲ. ಚಿತ್ರ ಬೇರೆ ಮನೆಯಲ್ಲಿ ಆಯಿತು. ಗೆಳೆಯನನ್ನು ನಾನು ಕ್ಷಮಿಸಿಲ್ಲ. ಆದರೆ ಸೆರಗಿನ ಸಾಲನ್ನು ಬರೆದುಕೊಟ್ಟವನು ನಾನೇ.

ಅಪ್ಪ ಈಗಿಲ್ಲ, ಗೆಳೆಯನೂ ಇಲ್ಲ. ಅಂದು ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಇನ್ನೂ ಬದುಕಿರುವವರು ಇಬ್ಬರು: ಪಕ್ಕದ ಮನೆಯ ಆ ಹೆಂಗಸು, ಮತ್ತು ನನ್ನ ಅಕ್ಕ.