ಶುಕ್ರವಾರದ ಊರಿನಿಂದ ಅಮೆರಿಕದ ಭಾನುವಾರ

ಎಂ.ಫಿಲ್‌ಗೆ ನಾನು ಆರಿಸಿಕೊಂಡ ವಿಷಯ ಅಮೆರಿಕದ ಭಾನುವಾರ. ಭಾನುವಾರ ಅಂಗಡಿ ತೆರೆಯಬಾರದು, ಹೆಂಡ ಮಾರಬಾರದು ಎಂಬ ಕಾನೂನುಗಳು ಅಲ್ಲಿನ ಹಲವು ರಾಜ್ಯಗಳಲ್ಲಿ ಬಹಳ ಕಾಲ ಇದ್ದವು. ಸರ್ಕಾರ ಯಾವ ಧರ್ಮದ ಪಕ್ಷವನ್ನೂ ವಹಿಸಬಾರದು ಎನ್ನುವ ದೇಶದಲ್ಲಿ ಇವು ಉಳಿದದ್ದು ಹೇಗೆ ಎಂಬುದು ನನ್ನ ಪ್ರಶ್ನೆ. ಎಂಬತ್ತರ ದಶಕದ ಶಿಡ್ಲಘಟ್ಟದಲ್ಲಿ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡವಳು ನಾನೊಬ್ಬಳೇ ಎಂದು ಧೈರ್ಯವಾಗಿ ಹೇಳಬಲ್ಲೆ.

ನಮ್ಮದು ಉರ್ದು ಮಾತಾಡುವ ಮನೆ. ಅಬ್ಬಾಗೆ ಸಣ್ಣದೊಂದು ಫಿಲೇಚರ್ ಇತ್ತು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕೆಲಸ. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ "ಏನೋ ಓದ್ತಾಳೆ" ಎಂದು ಮಾತು ಹಾರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಪಾಠ ಹೇಳುತ್ತಿದ್ದ ಚಿಂತಾಮಣಿಯ ಕಾಲೇಜಿನಲ್ಲೂ ಪುಕ್ಕಟೆ ಸಲಹೆಗೆ ಬರವಿರಲಿಲ್ಲ. "ಮುಸ್ಲಿಂ ಹೆಣ್ಮಕ್ಕಳ ಮೇಲೆ ಬರೀಯಮ್ಮ, ಬೇಗ ಮುಗಿಯುತ್ತೆ" ಎನ್ನುತ್ತಿದ್ದರು.

ವಿಷಯಕ್ಕೆ ಒಪ್ಪಿಗೆ ಕೊಡುವ ಸಮಿತಿ ಬೆಂಗಳೂರಿನಲ್ಲಿ ಸೇರಿತು. ಅಮೆರಿಕದ ಬದುಕಿನಲ್ಲಿ ಧರ್ಮದ ಪಾತ್ರವೇನು ಎಂದು ಅಧ್ಯಯನ ಮಾಡುವ ವಿದ್ವಾಂಸರ ತಂಡವೊಂದು ಆಗ ಅಲ್ಲಿಂದಲೇ ವಿಚಾರ ಸಂಕಿರಣಕ್ಕೆ ಬಂದಿತ್ತು. ಅವರಲ್ಲೊಬ್ಬರನ್ನೂ ಸಮಿತಿಯಲ್ಲಿ ಕೂರಿಸಿದ್ದರು. ಸಮಿತಿಯವರು ಬೇಡ ಎಂದರೆ ನನ್ನ ಭಾನುವಾರ ಹೋಯಿತು, ಅವರು ಕೊಟ್ಟ ವಿಷಯ ಹೊರಬೇಕು.

ಅಧ್ಯಕ್ಷರು ಕನ್ನಡಕ ಒರೆಸುತ್ತ ಶುರು ಮಾಡಿದರು. "ನೀವು ಅಮೆರಿಕ ನೋಡಿಲ್ಲ, ಕ್ರೈಸ್ತರೂ ಅಲ್ಲ. ನಿಮ್ಮ ಸಮುದಾಯದ ಹೆಣ್ಣುಮಕ್ಕಳ ಬಗ್ಗೆ ಬರೆದರೆ ನಿಮಗೂ ಸುಲಭವಲ್ಲವೇ?"

ಅವರು ಫ್ರಾನ್ಸಿನ ಕ್ರಾಂತಿಯ ಮೇಲೆ ಡಾಕ್ಟರೇಟ್ ಪಡೆದವರು. "ಸಾರ್, ನೀವು ಕ್ರಾಂತಿ ನೋಡಿಕೊಂಡು ಬಂದು ಬರೆದಿರಾ?" ಎಂದುಬಿಟ್ಟೆ. ಅವರು ಮತ್ತೆ ಕನ್ನಡಕ ಒರೆಸತೊಡಗಿದರು. ಕೆಲಸ ಕೆಟ್ಟಿತು ಎಂದುಕೊಂಡೆ.

ಆಗ ಅಮೆರಿಕದವರು ಈ ವಿಷಯ ನನಗೆ ಹೊಳೆದದ್ದು ಹೇಗೆ ಎಂದು ಕೇಳಿದರು. ನಮ್ಮ ಫಿಲೇಚರಿನ ಕಥೆ ಹೇಳಿದೆ.

ನಮ್ಮಲ್ಲಿ ಶುಕ್ರವಾರ ರಜೆ. ಜುಮ್ಮಾ ನಮಾಜಿಗಾಗಿ ಮುಚ್ಚುತ್ತೇವೆ ಎಂದೇ ನಾವು ತಿಳಿದಿದ್ದೆವು. ಒಂದು ವಾರ ಗೂಡು ರಾಶಿ ಬಿತ್ತು. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ. ಶುಕ್ರವಾರವೂ ಒಲೆ ಹಚ್ಚೋಣವೆಂದು ಅಬ್ಬಾ ಹಿಂಜರಿಯುತ್ತಲೇ ಮಸೀದಿಯ ಹಿರಿಯರನ್ನು ಕೇಳಿದರು. ನಮಾಜು ಮುಗಿಸಿ ಧಾರಾಳವಾಗಿ ದುಡಿ ಎಂದರು ಅವರು. ಒಪ್ಪದವರು ನೂಲು ತೆಗೆಯುವ ಹೆಂಗಸರು, ಎಲ್ಲರೂ ಹಿಂದೂಗಳು. "ಶುಕ್ರವಾರ ಲಕ್ಷ್ಮಿ ಪೂಜೆ ಐತಲ್ಲ ಸಾಬ್ರೇ, ನೀವೇ ಅದಕ್ಕೆ ರಜ ಕೊಟ್ಕೊಂಡು ಬಂದಿದೀರಿ, ಈಗ ಬಾ ಅಂದ್ರೆ ಹೆಂಗೆ?" ಒಲೆ ಹತ್ತಲಿಲ್ಲ. ಶನಿವಾರ ಬೆಳಿಗ್ಗೆ ಗೂಡಿನ ಮೇಲೆಲ್ಲ ಚಿಟ್ಟೆ.

"ನಮ್ಮ ಶುಕ್ರವಾರವನ್ನು ಕಾಯ್ದವರು ಮಸೀದಿಯವರಲ್ಲ," ಎಂದೆ. "ನಿಮ್ಮ ಭಾನುವಾರವನ್ನು ಕಾಯ್ದವರು ಚರ್ಚಿನವರು ಮಾತ್ರವೇ? ವಾರಕ್ಕೊಂದು ರಜೆ ಬೇಕೆಂದು ಕಾರ್ಮಿಕ ಸಂಘಗಳೂ ಆ ಕಾನೂನಿನ ಬೆನ್ನಿಗಿದ್ದವು. ಅದನ್ನು ನೋಡಬೇಕು."

ಅಧ್ಯಕ್ಷರ ಮುಖ ಅರಳಿತು. "ಹಾಗಾದರೆ ಶಿಡ್ಲಘಟ್ಟದ ಶುಕ್ರವಾರವನ್ನೇ ಬರೆಯಿರಲ್ಲ!"

ಹೊಳೆ ದಾಟಿ ದಡದಲ್ಲಿ ಜಾರಿದ ಹಾಗಾಯಿತು. ಕಣ್ಣಲ್ಲಿ ನೀರೇ ಬಂತು, ಸಿಟ್ಟಿಗೆ. ಅಮೆರಿಕದವರು ನಕ್ಕರು. "ಬೇಡ. ನಮ್ಮ ಭಾನುವಾರವನ್ನು ಈವರೆಗೆ ನಾವು ನಾವೇ ನೋಡಿಕೊಂಡಿದ್ದೇವೆ. ಹೊರಗಿನಿಂದ ಈಕೆಯೂ ನೋಡಲಿ."

ಒಪ್ಪಿಗೆ ಸಿಕ್ಕಿತು. ಮನೆಗೆ ಬಂದು ಹೇಳಿದಾಗ ಅಬ್ಬಾ ಮೊದಲ ಸಲ ಎಲ್ಲವನ್ನೂ ಕೆದಕಿ ಕೇಳಿದರು: ಅಂಗಡಿ ತೆರೆದರೆ ದಂಡವೇ, ಔಷಧಿ ಮಾರಬಹುದೇ, ಶನಿವಾರ ರಜೆ ಮಾಡುವ ಯಹೂದಿಗಳು ಏನು ಮಾಡುತ್ತಿದ್ದರು. ಚಹಾ ಆರಿ ತಣ್ಣಗಾಯಿತು.

ಮರುದಿನ ಜಂಗಮಕೋಟೆಯಿಂದ ಗೂಡು ತಂದ ರೈತರೊಬ್ಬರು ಫಿಲೇಚರಿನ ಬಾಗಿಲಲ್ಲಿ ನನ್ನನ್ನು ಕಂಡು, "ಮಗಳು ಏನು ಓದ್ತೈತೆ ಸಾಬ್ರೇ?" ಎಂದರು. ನಾನು ಹಲ್ಲು ಕಚ್ಚಿಕೊಂಡು ಕಾದೆ.

"ಅಮೆರಿಕದ ಭಾನುವಾರ," ಎಂದರು ಅಬ್ಬಾ. "ಯಾಕೆ ಮುಚ್ತಿದ್ರು ಅಂತ ಅಲ್ಲಿಯೋರ್ಗೇ ಪೂರ್ತಿ ಗೊತ್ತಿಲ್ವಂತೆ. ನಮ್ಮುಡುಗಿ ಹೇಳ್ತಾಳೆ."