ವಿಭೂತಿಯ ಉಂಗುರ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಂಚಪ್ಪನ ಕಿವಿಗೆ ಒಂದು ಬೆಲೆಯಿತ್ತು. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು. ಒಳಗಿನ ನೀರು ಪೂರ್ತಿ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಹನ್ನೊಂದು ತಿಂಗಳು ಕಾದ ಕಾಯಿಯನ್ನು ಒಂದು ವಾರದ ಅವಸರಕ್ಕೆ ಒಡೆದು ಕೆಡಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಥ ಕಿವಿಯವನೇ ತನ್ನ ಕೊಳಲಿನ ವಿಷಯದಲ್ಲಿ ಎಂಟು ವರ್ಷ ಮೋಸಹೋದ.

ಹೆಂಡತಿ ಬಸಮ್ಮನ ತವರು ಹಳೇಬೀಡು. ಮದುವೆಯಾದ ಹೊಸತರಲ್ಲಿ, ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿಯ ಸುಮಾರಿಗೆ, ಮಾವನ ಮನೆಗೆ ಹೋದಾಗಲೆಲ್ಲ ಕೆಂಚಪ್ಪ ದೇವಸ್ಥಾನದ ಹೊರಗೋಡೆಯಲ್ಲಿ ಕೊಳಲೂದುವ ಕೃಷ್ಣನ ಎದುರು ನಿಲ್ಲುತ್ತಿದ್ದ. ಇಳಿಬಿಸಿಲಿನಲ್ಲಿ ಮರದ ನೆರಳು ಕಲ್ಲಿನ ಮೇಲೆ ತೂಗುವಾಗ ಆ ಬೆರಳುಗಳು ಚಲಿಸಿದಂತೆ ಕಾಣುತ್ತಿದ್ದವು. ಬೇರೆ ಗುರುವಿರಲಿಲ್ಲ; ಕಲ್ಲೇ ಗುರುವಾಯಿತು. ಕೃಷ್ಣನ ಬೆರಳು ಬಿಲ್ಲಿನಂತೆ ಬಾಗಿ, ತುದಿಯಷ್ಟೇ ಕೊಳಲಿಗೆ ತಾಗಿತ್ತು; ಕೆಂಚಪ್ಪನೂ ಹಾಗೆಯೇ ಹಿಡಿದ. ಚುರುಕಾದ ಹಾಡುಗಳು ಒಲಿದವು, ಕೇಳಿದವರು ತಲೆದೂಗಿದರು. ಎಲ್ಲ ರಂಧ್ರಗಳನ್ನೂ ಮುಚ್ಚಿದಾಗ ಬರಬೇಕಾದ ತಗ್ಗಿನ ಸ್ವರ ಮಾತ್ರ ಒಡೆದು ಬುಸ್ಸೆನ್ನುತ್ತಿತ್ತು. ಅದು ಬಿದಿರಿನ ದೋಷವೆಂದು ನಾಲ್ಕು ಕೊಳಲು ಬದಲಾಯಿಸಿದ. ಕೊನೆಗೆ ಆ ಸ್ವರವಿಲ್ಲದ ಹಾಡುಗಳನ್ನೇ ಆರಿಸಿಕೊಂಡ.

ಮೂವತ್ತೈದನೆಯ ಇಸವಿಯಲ್ಲಿ ಊರಿನ ಮಠದಿಂದ ಹೇಳಿಕಳುಹಿಸಿದರು: ಕಾರ್ತಿಕದ ಕಡೆಯ ಸೋಮವಾರ ಸ್ವಾಮಿಗಳ ಎದುರು ಕೆಂಚಪ್ಪ ನುಡಿಸಬೇಕು. ಕಾಯಿ ಅಲುಗಿಸುವವನೆಂದಲ್ಲದೆ ಬೇರೆಯದಕ್ಕೆ ಊರು ಅವನನ್ನು ಕರೆದದ್ದು ಅದೇ ಮೊದಲು. ನುಡಿಸಾಣಿಕೆಗೆ ಇನ್ನಷ್ಟು ಮೆರುಗು ಬರಲೆಂದು ಅವನು ಹಾರನಹಳ್ಳಿಯ ವೃದ್ಧ ಕೊಳಲುಗಾರ ಜಯದೇವಪ್ಪನವರ ಬಳಿಗೆ ಹೋದ.

ಜಯದೇವಪ್ಪನವರು ಅರ್ಧ ಹಾಡು ಕೇಳಿ ಕೈ ಅಡ್ಡ ಹಿಡಿದರು. ಗೂಡಿನಿಂದ ವಿಭೂತಿಯ ಗಟ್ಟಿ ತೆಗೆದು ನೀರಿನಲ್ಲಿ ತೇಯ್ದು, ಪ್ರತಿ ರಂಧ್ರದ ಅಂಚಿಗೂ ತೆಳುವಾಗಿ ಸವರಿದರು. ಎಲ್ಲವನ್ನೂ ಮುಚ್ಚಿ, ಬೆರಳೆತ್ತಿ ನೋಡಿಕೊಳ್ಳಲು ಹೇಳಿದರು. ಯಾವ ಬೆರಳಿನ ಮೇಲೂ ಪೂರ್ತಿ ಉಂಗುರ ಮೂಡಿರಲಿಲ್ಲ; ಕತ್ತರಿಸಿದ ಉಗುರಿನಂಥ ಬಿಳಿಯ ಚೂರುಗಳಿದ್ದವು.

“ಎಲ್ಲಿ ಕಲಿತೆಯಪ್ಪಾ ಈ ಹಿಡಿತ?”

ಕೆಂಚಪ್ಪ ಹಳೇಬೀಡಿನ ಗೋಡೆಯ ವಿಷಯ ಹೇಳಿದ. ಮುದುಕರು ತುಟಿಯಂಚಿನಲ್ಲಿ ನಕ್ಕರು.

“ಆ ಕೃಷ್ಣಂದೇನೂ ತಪ್ಪಿಲ್ಲ. ಅವನಿಗೆ ಗಾಳಿ ಸೋರೋ ಭಯ ಇಲ್ಲ ಕಣಪ್ಪ, ನಿನಗೈತೆ.”

ತುದಿಯಲ್ಲ, ಬೆರಳಿನ ಮೆತ್ತನೆಯ ಭಾಗ ರಂಧ್ರದ ಮೇಲೆ ಒತ್ತದೆ ಕೂರಬೇಕು. ಹಾಡು ಬಿಟ್ಟು ಒಂದು ವರ್ಷ ಬರಿಯ ನೀಳ ಸ್ವರ ಊದಬೇಕು ಎಂದರು. ಕಾರ್ತಿಕ ಮುಗಿದ ಕೂಡಲೇ ತೊಡಗುತ್ತೇನೆಂದು ಕೆಂಚಪ್ಪ ಬೇಡಿಕೊಂಡ. ಹಳೆಯ ಹಿಡಿತಕ್ಕೆ ಮಠದ ಹೊಗಳಿಕೆಯೂ ಸೇರಿದರೆ ಆಮೇಲೆ ಅದು ಬಿಡುವುದೇ ಇಲ್ಲವೆಂದು ಹೇಳಿ, ಅವರು ಕೊಳಲನ್ನು ಅವನ ಕೈಗಿತ್ತರು.

ಮನೆಗೆ ಬಂದವನು ಊಟ ಮುಟ್ಟದೆ ಕುಳಿತ. ಕಾರಣ ಕೇಳಿ ತಿಳಿದುಕೊಂಡ ಬಸಮ್ಮ ಒಲೆಯ ಮುಂದಿನಿಂದಲೇ ಹೇಳಿದಳು:

“ಅಟ್ಟದ ಕಾಯಿಗೆ ಹನ್ನೊಂದು ತಿಂಗಳು ಕಾಯ್ತೀರಿ. ಮಠದೋರು ಕೇಳಿದ್ರು ಅಂತ ಹಸಿಕಾಯಿ ಒಡೆದು, ಕೊಬ್ಬರಿ ಅಂತ ಕೊಡ್ತೀರಾ?”

ಮರುದಿನ ಅವನು ಮಠಕ್ಕೆ ಹೋಗಿ ಅಡ್ಡಬಿದ್ದು, ಈ ಸಲ ತನ್ನಿಂದಾಗದೆಂದು ಒಪ್ಪಿಸಿ ಬಂದ. ಆ ಸೋಮವಾರ ಲಕ್ಕಪ್ಪನೆಂಬಾತ ಹಾರ್ಮೋನಿಯಂ ನುಡಿಸಿದ. ಮುಂದಿನ ವರ್ಷಗಳಲ್ಲಿಯೂ ಅವನನ್ನೇ ಕರೆದರು. ಕೊಳಲು ಒಲೆಗೆ ಹೋಯ್ತೇನ್ಲಾ ಎಂದು ಮಂಡಿಯವರು ರೇಗಿಸಿದರೆ ಕೆಂಚಪ್ಪ ಇನ್ನೊಂದು ಕಾಯಿಯನ್ನು ಕಿವಿಗೆ ಹಿಡಿಯುತ್ತಿದ್ದ.

ಆ ವರ್ಷವೆಲ್ಲ ಬೆಳಗಿನ ಹೊತ್ತು ಅವನು ಅಟ್ಟದ ಮೇಲೆ, ಆರುತ್ತಿದ್ದ ಕಾಯಿಗಳ ನಡುವೆ ಕುಳಿತು ಊದಿದ. ಕೆಳಗಿನ ಒಲೆಯ ಹೊಗೆ ಕಾಯಿಗಳ ಸಂದಿನಲ್ಲಿ ತಡೆತಡೆದು ಮೇಲೇರುತ್ತಿತ್ತು. ತನ್ನ ಉಸಿರು ಎಲ್ಲಿ ಮುಗಿದು ಹೊಗೆ ಎಲ್ಲಿ ಮೊದಲಾಯಿತೆಂಬುದು ಕೆಲವೊಮ್ಮೆ ಅವನಿಗೇ ತಿಳಿಯುತ್ತಿರಲಿಲ್ಲ. ಜಂಕ್ಷನ್ನಿನ ಕಡೆಯಿಂದ ರೈಲಿನ ಕೂಗು ಬಂದರೆ ಅದು ಕರಗುವವರೆಗೂ ಒಂದೇ ಸ್ವರವನ್ನು ಹಿಡಿದಿರುತ್ತಿದ್ದ. ಆಮೇಲೆ ಬೆರಳು ತಿರುಗಿಸಿ ವಿಭೂತಿಯ ಗುರುತು ನೋಡಿಕೊಳ್ಳುತ್ತಿದ್ದ. ಮೊದಲು ಅರ್ಧ, ಕಾರ್ತಿಕ ಕಳೆದು ಯುಗಾದಿಯ ಹೊತ್ತಿಗೆ ಮುಕ್ಕಾಲು.

ಆಶ್ವೀಜದ ಒಂದು ಬೆಳಗ್ಗೆ ಎಲ್ಲ ರಂಧ್ರಗಳನ್ನೂ ಮುಚ್ಚಿ ಊದಿದಾಗ ತಗ್ಗಿನ ಸ್ವರ ಒಡೆಯಲಿಲ್ಲ. ತುಂಬಿದ ಕೆರೆಯ ನಡುಮಧ್ಯದಂತೆ ಅಲುಗದೆ ನಿಂತಿತು. ಕೆಳಗೆ ಬೆಂಕಿ ಊದುತ್ತಿದ್ದ ಬಸಮ್ಮ ಊದುಗೊಳವೆಯನ್ನು ಬದಿಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಏಣಿಯ ಬುಡಕ್ಕೆ ಬಂದು, “ಕೊಬ್ಬರಿ ಚಿಪ್ಪು ಬಿಟ್ಟಂಗೆ ಕಾಣ್ತದೆ” ಎಂದಳು.

ಕೆಂಚಪ್ಪನ ಬೆರಳುಗಳ ಮೇಲೆ ಸಣ್ಣ ಬಿಳಿಯ ಉಂಗುರಗಳಿದ್ದವು. ಅವನು ಅವನ್ನು ಒರೆಸಿಕೊಳ್ಳಲಿಲ್ಲ. ಆ ದಿನ ಮಂಡಿಯಲ್ಲಿ ಅವನು ಅಲುಗಿಸಿದ ಮೊದಲ ಕೆಲವು ಕಾಯಿಗಳ ಮೇಲೆ ಅವುಗಳ ಗುರುತಿತ್ತು.