ನೀಲಿ ಗುಂಡಿ ಹುಡುಕಿದ ಹೊತ್ತು

ಲತಾ ಹೇಳಿದ್ದನ್ನು ನಾನು ಹೇಳಲಿಲ್ಲ. ಅವಳು ಹೇಳದ್ದನ್ನು ಅವಳ ಹೆಸರಿನಲ್ಲಿ ಹೇಳಿದೆ. ಅದರಿಂದ ಅವಳ ಮಗಳು ಅವಳ ಕೈತಪ್ಪಿ ಹೋದಳು. ಐದು ವರ್ಷಗಳಿಂದ ಇದನ್ನು ಯಾರ ಮುಂದೆಯೂ ಬಾಯಿಬಿಡದೆ ಓಡಾಡಿಕೊಂಡಿದ್ದೇನೆ — ಉಂಡುಕೊಂಡು, ನಕ್ಕುಕೊಂಡು. ಲತಾ ಇದನ್ನು ಓದಲಾರಳು. ಅವಳಿಗೆ ಓದು ಕಲಿಸುವ ಕಷ್ಟವನ್ನು ಯಾವ ಶಾಲೆಯೂ ತೆಗೆದುಕೊಳ್ಳಲಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಥ ಹೇಡಿ ನಾನು.

ನಾನು ಕಾರವಾರದಲ್ಲಿ ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದವರು ಕೈಯಲ್ಲಿ ಆಡಿದ್ದನ್ನು ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ಬಾಯಲ್ಲಿ ಹೇಳುವುದು ನನ್ನ ಕೆಲಸ. ಕದ್ವಾಡದ ನಮ್ಮ ಮನೆಯಲ್ಲೇ ಈ ಭಾಷೆ ಬಂತು — ಬಡಗಿಯಾಗಿದ್ದ ಅಪ್ಪ ಹುಟ್ಟು ಕಿವುಡ. ಅವನು ಹೋದ ಮೇಲೆ ಅವನ ಅಂಗಿಯ ನೀಲಿ ಗುಂಡಿಯೊಂದು ನನ್ನ ಹತ್ತಿರ ಉಳಿಯಿತು. ಪ್ರತಿ ಕೆಲಸಕ್ಕೆ ಮುಂಚೆ ಅದನ್ನು ಮುಷ್ಟಿಯಲ್ಲಿ ಹಿಡಿದು, ಹತ್ತು ಎಣಿಸಿ, ಚೀಲಕ್ಕೆ ಹಾಕಿಕೊಂಡೇ ಒಳಗೆ ಕಾಲಿಡುವುದು. ನಗಬೇಡಿ. ಇಂಥದ್ದೊಂದು ಇಲ್ಲದ ದುಭಾಷಿಯನ್ನು ನಾನಂತೂ ಕಂಡಿಲ್ಲ. ನಮ್ಮಲ್ಲೊಬ್ಬಳು ಏಲಕ್ಕಿ ಬಾಯಿಗೆ ಹಾಕದೆ ಮಾತೇ ಶುರು ಮಾಡುವುದಿಲ್ಲ. ಕೊಂಕಣಿಯಿಂದ ಕನ್ನಡಕ್ಕೆ ಹೇಳುವ ಪಾಂಡುರಂಗ ಮಾಮ ಹಿಡಿದ ಕೆಲಸ ಮುಗಿಯುವ ತನಕ ಕರವಸ್ತ್ರ ಒಗೆಯುವುದಿಲ್ಲ — ಪಕ್ಕದಲ್ಲಿ ಕೂತವರ ಪುಣ್ಯ! ಇನ್ನೊಬ್ಬರ ಬದುಕು ನಮ್ಮ ಬಾಯಲ್ಲಿ ಇರುತ್ತದಲ್ಲ, ಹೆದರಿಕೆಗೆ ಏನಾದರೂ ಹಿಡಿದುಕೊಳ್ಳಬೇಕಾಗುತ್ತದೆ.

ಲತಾ ಅಂಕೋಲೆಯವಳು, ಹೊಲಿಗೆ ಕೆಲಸ ಮಾಡುತ್ತಾಳೆ. ಅವಳಿಗೂ ಕಿವಿ ಕೇಳುವುದಿಲ್ಲ. ಗಂಡ ಬೇರೆಯಾಗಿದ್ದ, ನಾಲ್ಕು ವರ್ಷದ ಮಗಳು ಯಾರ ಬಳಿ ಇರಬೇಕು ಎಂಬುದರ ವಿಚಾರಣೆ ಐದು ವರ್ಷಗಳ ಹಿಂದಿನ ಆ ದಿನ ಕಾರವಾರದ ಕೋರ್ಟಿನಲ್ಲಿತ್ತು. ಬಾಗಿಲಲ್ಲಿ ಪಾಂಡುರಂಗ ಮಾಮ ಎಂದಿನಂತೆ ಕೇಳಿದ: "ಏನೇ, ಗುಂಡಿ ಹಿಡ್ಕಂಡ್ಯಾ?"

ಚೀಲಕ್ಕೆ ಕೈ ಹಾಕಿದೆ. ಇರಲಿಲ್ಲ. ಅಷ್ಟರಲ್ಲಿ ಒಳಗೆ ಕರೆದರು.

ಮೊದಲ ಪ್ರಶ್ನೆಗಳೆಲ್ಲ ಹೇಗೋ ದಾಟಿದವು. ಆಮೇಲೆ ನ್ಯಾಯಾಧೀಶರು ಕೇಳಿದರು: "ರಾತ್ರಿ ಮಗು ಅತ್ತರೆ ನಿಮಗೆ ಹೇಗೆ ಗೊತ್ತಾಗುತ್ತದೆ?" ನಾನು ಕೈಯಲ್ಲಿ ಕೇಳಿದೆ. ಲತಾಳ ಮುಖ ಅರಳಿತು — ಈ ಒಂದು ಪ್ರಶ್ನೆಗಾಗಿಯೇ ಕಾದಿದ್ದಳೇನೋ. ಕೈ ಎತ್ತಿದಳು. ಆಗ ನಾನು... ನಾನು ಬಗ್ಗಿ ಚೀಲದೊಳಗೆ ನೋಡಿದೆ. ಕಿವಿಯಲ್ಲಿ ಕೇಳುವ ದುಭಾಷಿ ಚೀಲ ತಡಕಾಡಿದರೂ ಮಾತು ಕಿವಿಗೆ ಬೀಳುತ್ತದೆ. ನಮಗೆ ಹಾಗಲ್ಲ, ಕಣ್ಣು ತೆಗೆದರೆ ಮಾತು ಹೋಯಿತು. ತಲೆ ಎತ್ತಿದಾಗ ಕಂಡದ್ದು ಕೊನೆಯ ತುಣುಕು ಮಾತ್ರ — ಪಕ್ಕದ ಮನೆ, ಅಕ್ಕ, ಬಂದು ಹೇಳುತ್ತಾಳೆ.

ಇನ್ನೊಮ್ಮೆ ಹೇಳು ಎನ್ನಬಹುದಿತ್ತು. ಕೈಯ ಒಂದು ತಿರುವು, ಅಷ್ಟೇ. ಆದರೆ ದೊಡ್ಡ ಮನುಷ್ಯಳಲ್ಲವೇ ನಾನು! ಎಲ್ಲರೂ ನನ್ನ ಬಾಯನ್ನೇ ನೋಡುತ್ತಿರುವಾಗ ತಪ್ಪಿತು ಎಂದು ಒಪ್ಪಿಕೊಳ್ಳುವುದೇ? "ರಾತ್ರಿ ಮಗು ಅತ್ತರೆ ಪಕ್ಕದ ಮನೆಯ ಅಕ್ಕ ಬಂದು ಹೇಳುತ್ತಾಳೆ," ಎಂದುಬಿಟ್ಟೆ. ನ್ಯಾಯಾಧೀಶರು ಬರೆದುಕೊಂಡರು. ಅದು ಅವಳ ಮಾತಲ್ಲ ಎನ್ನಲು ಆ ಕೋಣೆಯಲ್ಲಿ ಸನ್ನೆ ಬಲ್ಲವರು ಬೇರೆ ಯಾರೂ ಇರಲಿಲ್ಲ, ಗಂಡನೂ ಕಲಿತಿರಲಿಲ್ಲ.

ಅಂದು ಸಂಜೆ ಗುಂಡಿ ಸಿಕ್ಕಿತು. ಚೀಲದ ಒಳಬಟ್ಟೆ ಹರಿದು ಅದರೊಳಗೆ ಜಾರಿತ್ತು. ಅಷ್ಟು ಹೊತ್ತೂ ನನ್ನ ತೊಡೆಯ ಮೇಲೇ ಇತ್ತು.

ಕೆಲವು ವಾರಗಳಲ್ಲಿ ಆದೇಶ ಬಂತು: ಮಗುವಿನ ಅಳು ತಿಳಿಯಲು ತಾಯಿ ನೆರೆಯವರನ್ನೇ ನಂಬಿದ್ದಾಳೆ, ಮಗು ಸುಂಕಸಾಳದ ತಂದೆಯ ಮನೆಯಲ್ಲಿರಲಿ, ತಾಯಿ ತಿಂಗಳಿಗೊಮ್ಮೆ ನೋಡಲಿ. ಆದೇಶ ಕೇಳಿ ಹೊರಟಾಗ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಲತಾ ನನ್ನ ಭುಜ ಹಿಡಿದು ತಿರುಗಿಸಿ ಕೈಯಲ್ಲಿ ಕೇಳಿದಳು — ನಾನು ಹೇಳಿದೆನಲ್ಲ, ರಾತ್ರಿಯಿಡೀ ನನ್ನ ಅಂಗೈ ಅವಳ ಎದೆಯ ಮೇಲೇ ಇರುತ್ತದೆ, ಉಸಿರು ಬದಲಾದರೂ ಏಳುತ್ತೇನೆ ಎಂದು. ಹಗಲು ಮೆಷಿನ್ ಮುಂದೆ ಕೂತಾಗ ಮಾತ್ರ ಅಕ್ಕ ಬಂದು ಹೇಳುವುದು. ಅವರು ನಂಬಲಿಲ್ಲವೇ?

ಆಗ ತಿಳಿಯಿತು, ನಾನು ಕಳೆದದ್ದು ಏನೆಂದು. ಆಗಲೂ ಕೋರ್ಟಿಗೆ ವಾಪಸು ಓಡಬಹುದಿತ್ತು. ನಾನು ಹಣೆ ಮುಟ್ಟಿ ತೋರಿಸಿದೆ — ಹಣೆಬರಹ. ಅಂಕೋಲೆಯ ಬಸ್ಸು ಬಂತು, ಅವಳು ಹತ್ತಿ ಹೋದಳು.

ಪಾಂಡುರಂಗ ಮಾಮನಿಗೆ, ಅಂದು ಕೆಲಸ ಸರಿಯಾಗಲಿಲ್ಲ ಎಂದಷ್ಟೇ ಹೇಳಿದ್ದೆ. "ಗುಂಡಿ ಇಲ್ದೇ ಹೋದ್ದಕ್ಕೇ ಹೀಂಗಾದ್ದು ಮಾರಾಯ್ತಿ, ನಿಂದೆಂತ ತಪ್ಪು?" ಎಂದ. ಗುಂಡಿ ಇತ್ತು ಎಂದು ಅವನಿಗೆ ಹೇಳಲಿಲ್ಲ. ಥೂ, ಆ ಸಮಾಧಾನವನ್ನೂ ಇಸಿದುಕೊಂಡೆ.

ಈಗ ಮಗಳಿಗೆ ಒಂಬತ್ತು ವರ್ಷ. ಸುಂಕಸಾಳದಲ್ಲಿ ಅವಳೊಡನೆ ಕೈಯಲ್ಲಿ ಮಾತಾಡುವವರಿಲ್ಲ. ಸನ್ನೆ ಪೂರಾ ಮರೆತಿದ್ದಾಳೆ. ತಿಂಗಳಿಗೊಮ್ಮೆ ಅಂಕೋಲೆಯಲ್ಲಿ ತಾಯಿ ಮಗಳು ಭೇಟಿಯಾದಾಗ ನಡುವೆ ದುಭಾಷಿ ಬೇಕು. ಲತಾ ಕರೆಯುವುದು ನನ್ನನ್ನೇ. ಈ ಸಲ ಹೇಳಿಬಿಡುತ್ತೇನೆ ಎಂದು ಪ್ರತಿ ತಿಂಗಳೂ ಬಸ್ಸು ಹತ್ತುತ್ತೇನೆ. ಹೇಳಿದರೆ ಅವಳು ನನ್ನನ್ನು ಮತ್ತೆ ಕರೆಯಲಾರಳು, ಮಗಳ ಮಾತು ಅವಳಿಗೆ ಮುಟ್ಟಿಸುವವರೇ ಇಲ್ಲವಾಗುತ್ತಾರೆ... ಇದೂ ನೆಪವೇ, ಗೊತ್ತಿದೆ.

ಕಳೆದ ಭೇಟಿಯಲ್ಲಿ ಲತಾ ಮಗಳ ಎದೆಯ ಮೇಲೆ ಅಂಗೈ ಇಟ್ಟಳು. ಹುಡುಗಿ ಹಿಂದೆ ಸರಿದು ನನ್ನನ್ನು ಕೇಳಿದಳು: "ಆಯಿ ಎಂತ ಹೇಳ್ತದೆ?"

ನೀನು ಸಣ್ಣವಳಿದ್ದಾಗ ಆಯಿ ರಾತ್ರಿಯಿಡೀ ಹೀಗೆ ಕೈ ಇಟ್ಟೇ ಮಲಗುತ್ತಿದ್ದಳು, ನೀನು ಅಳುವ ಮೊದಲೇ ಏಳುತ್ತಿದ್ದಳು ಎಂದೆ. ಐದು ವರ್ಷ ತಡವಾಗಿ ಆ ಮಾತನ್ನು ಹೇಳಿದೆ.

"ಸುಳ್ಳು," ಎಂದಳು ಹುಡುಗಿ. "ನಾನ್ ಅತ್ರೆ ಆಯಿಗೆ ಗೊತ್ತೇ ಆಗ್ತಿರ್ಲಿಲ್ಲ. ಆಯಿನೇ ಹಾಂಗೆ ಹೇಳಿತ್ತಂತೆ. ಅಪ್ಪನ ಹತ್ರ ಕಾಗದ ಉಂಟು."

ಲತಾ ಆಸೆಯಿಂದ ನನ್ನ ಮುಖ ನೋಡಿ ಕೈಯಲ್ಲಿ ಕೇಳಿದಳು — ಏನಂದಳು?

ಕಣ್ಣು ತೆಗೆಯಲಿಲ್ಲ ಈ ಸಲ. ಅವಳಿಗೆ ಅದು ನೆನಪಿದೆಯಂತೆ ಎಂದು ಕೈಯಲ್ಲಿ ಹೇಳಿದೆ. ಲತಾಳ ಕಣ್ಣು ತುಂಬಿತು. ಮಗಳಿಗೆಂದು ಮಾಡಿ ತಂದಿದ್ದ ಸುಕ್ಕಿನುಂಡೆಗಳಲ್ಲಿ ಒಂದನ್ನು ತೆಗೆದು ನನ್ನ ಕೈಗಿಟ್ಟಳು. ನಾನು ತಿಂದೆ.